ಸಹಿ ಅವರದು, ಬಿನ್ ನನ್ನದು

ಅವರ ಶ್ರದ್ಧಾಂಜಲಿಯ ಫ್ಲೆಕ್ಸಿಗೆ ಅಕ್ಷರ ಜೋಡಿಸಿದ್ದು ನಾನೇ. ಪಕ್ಷದವರು ಇಬ್ಬರು ಬಂದು ಫೋಟೋ ಇದ್ದ ಪೆನ್‌ಡ್ರೈವ್ ಕೊಟ್ಟು, "ಬಡವರ ಬಂಧು ಅಂತ ಹಾಕಿ ಮೇಡಂ, ಬಸ್‌ಸ್ಟ್ಯಾಂಡ್ ಎದುರಿಗೆ ಕಟ್ಟೋದು, ಬೇಗ ಆಗ್ಬೇಕು" ಅಂದರು. ಟೈಪು ಮಾಡಿದೆ. 'ದ್ಧಾ'ಗೆ ಮಹಾಪ್ರಾಣ ಸರಿಯಾಗಿ ಬಿದ್ದಿದೆಯಾ ಅಂತ ಎರಡು ಸಲ ನೋಡಿದೆ. ನಮ್ಮ ಕೊಪ್ಪದಲ್ಲಿ ಕಟ್ಟುವ ಶ್ರದ್ಧಾಂಜಲಿಗಳಲ್ಲಿ ಆ ಒಂದು ಅಕ್ಷರ ಸರಿ ಇರುವುದು ಅಪರೂಪ. ಬಂದವರಿಬ್ಬರೂ ಹೊರಟರು. ಮುಂದಿನ ಗಿರಾಕಿಗೆ ಆಧಾರ್ ಜೆರಾಕ್ಸ್ ಮಾಡಿಕೊಟ್ಟೆ. ಅಳು ಬರಬೇಕಿತ್ತು, ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ.

ಅವರು ಗ್ರಾಮ ಪಂಚಾಯ್ತಿ ಸದಸ್ಯರ ವೋಟಿನಲ್ಲಿ ಗೆದ್ದು ಮೇಲ್ಮನೆಗೆ ಹೋದವರು. ಒಂದೇ ಅವಧಿ. ಆ ಆರು ವರ್ಷ, ಆಮೇಲೆ ಸೋತು ಮನೆಯಲ್ಲಿದ್ದ ಮೂರು ವರ್ಷ, ಅವರ ಕಾಗದವೆಲ್ಲ ಟೈಪಾದದ್ದು ಬಸ್‌ಸ್ಟ್ಯಾಂಡ್ ಹಿಂದಿರುವ ನನ್ನ ಅಂಗಡಿಯಲ್ಲಿ. ಅವರಿಗೆ ಪಿ.ಎ. ಒಬ್ಬ ಇದ್ದ, ಕಂಪ್ಯೂಟರೂ ಇತ್ತು. ಆದರೆ ಆ ಮನುಷ್ಯ 'ಅಕ್ಕಿ ಹಂಚಿಕೆ' ಅಂತ ಬರೆಯಬೇಕಾದಲ್ಲಿ 'ಹಕ್ಕಿ ಅಂಚಿಕೆ' ಅಂತ ಬರೆದು ಮಂತ್ರಿಗಳಿಗೆ ಕಳಿಸಿಬಿಟ್ಟ. ಮಾರನೇ ದಿನ ಇವರು ನನ್ನ ಕೌಂಟರಿನ ಮುಂದೆ ನಿಂತಿದ್ದರು. "ನಿಂಗೆ ಹಕಾರ ಬರ್ತದಾ ಮಾರಾಯ್ತಿ?" ಅಂತ ಕೇಳಿದರು. ನನಗೆ ಸಿಟ್ಟು ಬಂತು. ಕಾಗುಣಿತದ ವಿಷಯದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿದ್ದಿಲ್ಲ. "ಹಕಾರವೂ ಬರ್ತದೆ, ಹಠವೂ ಬರ್ತದೆ ಸರ್" ಅಂದೆ. ಅವತ್ತಿನಿಂದ ಬೇರೆ ಕಡೆ ಹೋಗಲಿಲ್ಲ.

ಕೂತುಕೊಳ್ಳುತ್ತಿರಲಿಲ್ಲ. ಎಷ್ಟು ಸ್ಟೂಲು ಎಳೆದು ಹಾಕಿದರೂ ಕೌಂಟರಿಗೆ ಮೊಣಕೈ ಊರಿ ನಿಂತೇ ಹೇಳಿ ಬರೆಸುತ್ತಿದ್ದರು. ಜೇಬಿನಲ್ಲಿ ಎರಡು ಪೆನ್ನು, ಎರಡೂ ಬರೆಯುತ್ತಿರಲಿಲ್ಲ. ಸಹಿ ಹಾಕುವಾಗ ನನ್ನ ಪೆನ್ನು ಕೇಳಿ, ಅದನ್ನೂ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಟೈಪಾದ ಕಾಗದವನ್ನು ಗಿರಾಕಿಗಳ ಮಧ್ಯೆಯೇ ಗಟ್ಟಿಯಾಗಿ ಓದುತ್ತಿದ್ದರು. ಓದುತ್ತಾ ಒಂದು ಕಡೆ ನಿಂತು, "ಇಲ್ಲಿ ನಂಗೆ ಉಸಿರು ಬೇಕು, ಒಂದು ಕಾಮಾ ಹಾಕು" ಅನ್ನುವುದು. ನಾನು ವ್ಯಾಕರಣದ ಪ್ರಕಾರ ಅಲ್ಲಿ ಕಾಮಾ ಬರೋದಿಲ್ಲ ಅನ್ನುವುದು. "ವ್ಯಾಕರಣಕ್ಕೆ ಉಬ್ಬಸ ಇಲ್ಲ, ನಂಗೆ ಉಂಟು" ಅಂದು ಹಾಕಿಸಿಕೊಳ್ಳುತ್ತಿದ್ದರು. ಹಾಗಾಗಿ ಅವರ ಅರ್ಜಿಗಳಲ್ಲಿ ಕಾಮಾಗಳು ಜಾಸ್ತಿ.

ಇನ್ನೊಂದು ಚಟ ಇತ್ತು. ಅಂಗಡಿಗೆ ಹೊಸಬರು ಯಾರೇ ಬರಲಿ, "ಊರು ಎಲ್ಲಾಯ್ತು?" ಅಂತ ವಿಚಾರಿಸುವುದು. ನೆಮ್ಮಾರಿನವರು ಅಂದರೆ ನೆಮ್ಮಾರಿನಲ್ಲಿ ಯಾರ ಮನೆ, ಯಾರ ಪೈಕಿ, ಎಲ್ಲ ಬೇಕು. ಹಾಗೆ ಕೇಳಿಯೇ ಅವರಿಗೆ ರಫೀಕುಲ್ ಪರಿಚಯವಾದದ್ದು. ಅವನು ಫೋಟೋ ಪ್ರಿಂಟ್ ಹಾಕಿಸಲು ಬಂದಿದ್ದ. ಅಸ್ಸಾಮಿನವನು, ಭಂಡಿಗಡಿ ಹತ್ತಿರದ ಒಂದು ಕಾಫಿ ತೋಟದಲ್ಲಿ ಕೂಲಿಯವರಿಗೆ ಕಟ್ಟಿದ ಲೈನು ಮನೆಯಲ್ಲಿ ಹೆಂಡತಿ ಜಮೀಲಾ, ಮಗಳು ನಾಜ್ಮಿನ್ ಜೊತೆ ಆರೇಳು ವರ್ಷದಿಂದ ಇದ್ದವನು. ಊರು ಎಲ್ಲಾಯ್ತು ಅಂದರೆ, "ಊರು ಇಲ್ಲ ಸಾಬ್, ನದಿ ತಗೊಂಡು ಹೋಯ್ತು" ಅಂದ. ಇವರು ನಕ್ಕರು. ತಮಾಷೆ ಅಂದುಕೊಂಡರು. ಅವನು ತಮಾಷೆ ಮಾಡಿರಲಿಲ್ಲ. ಅವರ ಕಡೆ ಹೊಳೆ ದಂಡೆ ಕೊರೆದು ಕೊರೆದು ಊರನ್ನೇ ಒಳಗೆ ಎಳೆದುಕೊಳ್ಳುತ್ತದಂತೆ. ಜನ ಬೇರೆ ದಿಬ್ಬಕ್ಕೆ ಹೋಗುತ್ತಾರೆ, ಕಾಗದದಲ್ಲಿ ಹಳೇ ಊರೇ ಉಳಿದಿರುತ್ತದೆ. ಇವರು ಆಮೇಲೆ ತುಂಬ ಹೊತ್ತು ಅವನ ಹತ್ತಿರ ಮಾತಾಡಿದರು. ಟೈಪಿಗೆ ಬಂದ ಕೆಲಸ ಮರೆತೇ ಹೋದರು.

ಆ ವರ್ಷ ಎಲ್ಲ ಕಡೆ ಒಂದು ಗಾಳಿ ಎದ್ದಿತ್ತು. ತೋಟಗಳಲ್ಲಿ ಹೊರದೇಶದವರು ಸೇರಿಕೊಂಡಿದ್ದಾರೆ, ಪರಿಶೀಲನೆ ಆಗಬೇಕು ಅಂತ. ರಫೀಕುಲ್ ಇದ್ದ ತೋಟದ ರೈಟರು, ಅಂದರೆ ಲೆಕ್ಕಪತ್ರ ನೋಡಿಕೊಳ್ಳುವವರು, ಇವರ ಹತ್ತಿರ ಬಂದು, "ನಮ್ಮ ಲೈನಿನ ನಾಲ್ಕು ಸಂಸಾರಕ್ಕೆ ನಿಮ್ಮ ಲೆಟರ್‌ಹೆಡ್ಡಲ್ಲಿ ಒಂದು ಕಾಗದ ಕೊಡಿ ಸರ್, ಯಾರೂ ತೊಂದರೆ ಮಾಡೋದಿಲ್ಲ" ಅಂದರು. ಇವರು ತಾವೇ ಲೈನಿಗೆ ಹೋಗಿ, ಒಬ್ಬೊಬ್ಬರ ಕಾಗದ ನೋಡಿ, ಒಂದು ಚೀಟಿಯಲ್ಲಿ ಬರೆದುಕೊಂಡು ಬಂದರು. ಮೂವರು ಜಾರ್ಖಂಡಿನವರು. ನಾಲ್ಕನೆಯ ಸಾಲು ಹೀಗಿತ್ತು: ರಫೀಕುಲ್ ಇಸ್ಲಾಂ, ತಂದೆ ಅಬ್ದುಲ್ ಖಾಲೆಕ್.

ನಾನು ಚೀಟಿ ನೋಡಿದೆ. ಹೆಸರು, ಕಾಮಾ, ತಂದೆ, ಇದೆಲ್ಲ ನನಗೆ ಅಡ್ಡಾದಿಡ್ಡಿಯಾಗಿ ಕಂಡಿತು. ಸರ್ಕಾರಿ ಕಾಗದ ಅಂದಮೇಲೆ ಅದಕ್ಕೊಂದು ರೀತಿ ಇದೆ. ನಮ್ಮ ಪಹಣಿಯಲ್ಲಿ, ಕ್ರಯಪತ್ರದಲ್ಲಿ, ಎಲ್ಲ ಕಡೆ ಇಂಥವರ ಮಗ ಅನ್ನುವುದಕ್ಕೆ 'ಬಿನ್' ಅಂತಲೇ ಬರೆಯುವುದು. ತಿಮ್ಮೇಗೌಡ ಬಿನ್ ಸಿಂಗೇಗೌಡ. ಹೆಂಡತಿಯಾದರೆ 'ಕೋಂ'. ನಾನು ನಾಲ್ಕೂ ಜನರಿಗೆ ಬಿನ್ ಹಾಕಿದೆ. 'ಇಸ್ಲಾಂ' ಅನ್ನುವುದು ಜಾತಿ ಕಾಲಮ್ಮಿನ ಮಾತು, ಹೆಸರಲ್ಲಿ ಯಾಕೆ ಅಂತ ತೆಗೆದೆ. ಅಬ್ದುಲ್ ಬಿಟ್ಟೆ, ಸಾಲು ಉದ್ದವಾಗುತ್ತಿತ್ತು. ರಫೀಕುಲ್ ಅನ್ನುವುದನ್ನು ಊರವರು ಕರೆಯುವ ಹಾಗೆ ರಫೀಕ್ ಮಾಡಿದೆ. ರಫೀಕ್ ಬಿನ್ ಖಾಲೆಕ್. ಚಂದ ಕೂತಿತು. ಇವರು ಗಟ್ಟಿಯಾಗಿ ಓದಿ, "ಈಗ ಕಾಗದಕ್ಕೊಂದು ಗತ್ತು ಬಂತು ನೋಡು" ಅಂದು ಸಹಿ ಹಾಕಿ, ನನ್ನ ಪೆನ್ನು ಜೇಬಿಗೆ ಹಾಕಿಕೊಂಡು ಹೋದರು.

ಮೂರು ತಿಂಗಳು ಕಳೆದ ಮೇಲೆ ಪೊಲೀಸರು ಪರಿಶೀಲನೆಗೆ ಬಂದರು. ರಫೀಕುಲ್ ಆಧಾರ್ ತೋರಿಸಿದ. ಅದನ್ನು ಯಾರು ಬೇಕಾದರೂ ಮಾಡಿಸಿಕೊಳ್ಳಬಹುದು ಅಂದರು. ಸೀಲು ಇದ್ದ ಕಾಗದ ಯಾವುದಿದೆ ಅಂತ ಕೇಳಿದಾಗ ಇವರ ಲೆಟರ್‌ಹೆಡ್ ಕೊಟ್ಟ. ಅದರ ಮೇಲಿನ ಹೆಸರನ್ನು ಯಾರೋ ಇಂಗ್ಲಿಷಿಗೆ ಮಾಡಿ ಅವನ ಜಿಲ್ಲೆಗೆ ಬರೆದು ಕೇಳಿದರು. ಅಲ್ಲಿಂದ ಉತ್ತರ ಬಂತು: ರಫೀಕ್ ಬಿನ್ ಖಾಲೆಕ್ ಎಂಬ ಹೆಸರಿನವರು ಈ ಊರಿನಲ್ಲಿ ಇಲ್ಲ, ಈ ಹೆಸರಿನ ಊರೂ ಈಗ ಇಲ್ಲ. ಅವನನ್ನು ಕರೆದುಕೊಂಡು ಹೋದರು. ಜಾರ್ಖಂಡಿನ ಮೂವರಿಗೂ ಬಿನ್ ಇತ್ತು. ಸೋಮ್ರಾ ಬಿನ್ ಬುಧುವಾ ಅಂತ. ಅವರನ್ನು ಯಾರೂ ಏನೂ ಕೇಳಲಿಲ್ಲ.

ಆ ಉತ್ತರದ ಪ್ರತಿ ಹಿಡಿದುಕೊಂಡು ಇವರು ಮಧ್ಯಾಹ್ನ ಅಂಗಡಿಗೆ ಬಂದರು. ಯಾರೂ ಇರಲಿಲ್ಲ. ಕಾಗದವನ್ನು ಕೌಂಟರ್ ಮೇಲಿಟ್ಟು ಇಂಗ್ಲಿಷಿನ ಬಿನ್ ಮೇಲೆ ಬೆರಳಿಟ್ಟರು.

"ಇದು ಎಂತ?"

"ನಾನು ಹಾಕಿದ್ದು ಸರ್" ಅಂದೆ. "ನಿಮ್ಮ ಚೀಟಿಯಲ್ಲಿ ತಂದೆ ಅಂತ ಇತ್ತು."

ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಬೈದಿದ್ದರೆ ಒಳ್ಳೆಯದಿತ್ತು. "ಓದಿದ್ದು ನಾನಲ್ದಾ" ಅಂದರು. "ಗತ್ತು ಬಂತು ಅಂದಿದ್ದೂ ನಾನೇ. ಸಹಿ ಯಾರ್ದೋ ತಪ್ಪು ಅವರ್ದು. ನೀನು ಇದನ್ನ ಯಾರ ಹತ್ರವೂ ಹೇಳುದು ಬೇಡ, ಅಂಗಡಿ ನಡೀಬೇಕು ನಿಂಗೆ." ಆಮೇಲೆ ಸ್ಟೂಲು ಎಳೆದುಕೊಂಡು ಕೂತರು. ಅವರು ನನ್ನ ಅಂಗಡಿಯಲ್ಲಿ ಕೂತದ್ದು ಅದೊಂದೇ ಸಲ.  

ತಿದ್ದುಪಡಿ ಕಾಗದ ಅವತ್ತೇ ಹೋಯಿತು. ಕರ್ನಾಟಕದ ಕಂದಾಯ ಕಾಗದಗಳಲ್ಲಿ 'ಬಿನ್' ಎಂದರೆ 'ಇವರ ಮಗ' ಎಂದರ್ಥ, ಅದು ಹೆಸರಿನ ಭಾಗವಲ್ಲ, ಪೂರ್ತಿ ಹೆಸರು ರಫೀಕುಲ್ ಇಸ್ಲಾಂ, ತಂದೆ ಅಬ್ದುಲ್ ಖಾಲೆಕ್, ಈ ತಪ್ಪು ನನ್ನಿಂದ ಆಗಿದೆ ಅಂತ. 'ನನ್ನಿಂದ' ಅನ್ನುವ ಪದವನ್ನು ಟೈಪು ಮಾಡುವಾಗ ನಾನು ನಿಲ್ಲಿಸಿದೆ. ಅವರು, "ಹಾಕು, ಹಾಕು" ಅಂದರು. ಉತ್ತರ ಬಂತು: ಪರಿಶೀಲನೆಯಲ್ಲಿದೆ. ಆಮೇಲೆ ಎಷ್ಟು ಕಾಗದ ಹೋದವೋ ಗೊತ್ತಿಲ್ಲ, ಎಲ್ಲದಕ್ಕೂ ಅದೇ ಉತ್ತರ. ರಫೀಕುಲ್‌ನನ್ನು ಮೊದಲು ಬೆಂಗಳೂರಿನ ಕಡೆ ಇಟ್ಟಿದ್ದರು, ಆಮೇಲೆ ಅವನ ರಾಜ್ಯದ ಒಂದು ಬಂಧನ ಕೇಂದ್ರಕ್ಕೆ ಕಳಿಸಿದರು. ವಿಚಾರಣೆ ಮುಗಿಯುವವರೆಗೆ ಬಿಡುವ ಹಾಗಿಲ್ಲ ಅಂದರು.

ಅಲ್ಲಿಂದ ಅವರಿಗೆ ಒಂದೇ ಧ್ಯಾನ. ಒಂದು ಕಾನೂನು ಬರೆಯಬೇಕು ಅಂತ. ಕಾನೂನು ಇಲಾಖೆಯವರು, ವಲಸೆ, ಪೌರತ್ವ ಇವೆಲ್ಲ ಕೇಂದ್ರದ ವಿಷಯ, ರಾಜ್ಯದ ಮೇಲ್ಮನೆ ಸದಸ್ಯರು ಮಸೂದೆ ತರುವ ಹಾಗಿಲ್ಲ ಅಂತ ಬರೆದು ತಿಳಿಸಿದರು. "ಸರಿ, ಹಾಗಾದ್ರೆ ಕೇಂದ್ರಕ್ಕೆ ಶಿಫಾರಸು ಮಾಡಿ ಅಂತ ಒಂದು ನಿರ್ಣಯ ಬರೆಯುವ. ಕೇಳೋಕೆ ಯಾರ ಅಪ್ಪಣೆ ಬೇಕು?" ಅಂದರು. ಹದಿನೆಂಟು ಪುಟ ಹೇಳಿದರು, ನಾನು ಟೈಪಿಸಿದೆ. ಈಗಲೂ ಕಂಪ್ಯೂಟರಿನಲ್ಲಿದೆ.

ಅದರಲ್ಲಿ ಕಣ್ಣೀರು ತರಿಸುವಂಥದ್ದು ಏನೂ ಇರಲಿಲ್ಲ. ಗಡಿ ಇರಲಿ, ಕಾವಲು ಇರಲಿ, ಕದ್ದು ಬಂದವರನ್ನು ಹುಡುಕಲಿ. ಆದರೆ ಒಬ್ಬನನ್ನು ಕರೆದೊಯ್ಯುವ ಮೊದಲು ಕಾಗದ ತಿದ್ದಿಕೊಳ್ಳಲು ಮೂರು ತಿಂಗಳು ಕೊಡಿ. ಅವನ ಭಾಷೆ ಬಲ್ಲವರು ಒಬ್ಬರು ಎದುರಿಗಿರಲಿ. ಹೆಸರನ್ನು ಅವನ ಲಿಪಿಯಲ್ಲೂ ಬರೆಯಲಿ, ಇಲ್ಲಿಯ ಲಿಪಿಯಲ್ಲೂ ಬರೆಯಲಿ. ಮಕ್ಕಳನ್ನು ಅಪ್ಪ ಅಮ್ಮನಿಂದ ಬೇರೆ ಮಾಡಬೇಡಿ. ವರ್ಷಗಟ್ಟಲೆ ಇಲ್ಲಿ ದುಡಿದು, ಮಕ್ಕಳನ್ನು ಇಲ್ಲಿಯ ಶಾಲೆಗೆ ಹಾಕಿದವರಿಗೆ ಕಾನೂನಿನ ಒಳಗೇ ಉಳಿಯುವ ಒಂದು ದಾರಿ ಇರಲಿ. ಕರೆಸಿಕೊಂಡ ತೋಟದ ಮಾಲೀಕನೂ ಜವಾಬ್ದಾರಿ ಹೊರಲಿ. ಈ ಕೊನೆಯದನ್ನು ಹೇಳುವಾಗ ಅವರ ದನಿ ಗಡುಸಾಯಿತು. "ಕೆಲಸಕ್ಕೆ ಕೈ ಬೇಕು ಇವರಿಗೆ. ಕೈ ಜೊತೆ ಮನುಷ್ಯನೂ ಬಂದ್ಬಿಟ್ರೆ ಕಷ್ಟ" ಅಂದರು. ಇದನ್ನೂ ಬರೀಲಾ ಅಂದೆ. "ಬೇಡ. ಇದು ನಿಂಗೆ ಹೇಳಿದ್ದು" ಅಂದರು.

ಮೆಣಸೆಯಲ್ಲಿ ಪಂಚಾಯ್ತಿ ಸದಸ್ಯರ ಒಂದು ಸಭೆ ಇತ್ತು. ನಾನು ಕರಪತ್ರ ತಲುಪಿಸಲು ಹೋದವಳು ಹಿಂದೆ ನಿಂತಿದ್ದೆ. ಇವರು ಮೈಕು ಹಿಡಿದು, "ಯಾರ ಅಜ್ಜ, ಮುತ್ತಜ್ಜ ಘಟ್ಟ ಹತ್ತಿ ಬಂದವರು, ಕೈ ಎತ್ತಿ ನೋಡುವ" ಅಂದರು. ಒಬ್ಬರೂ ಎತ್ತಲಿಲ್ಲ. ಇವರೊಬ್ಬರೇ ಎತ್ತಿ ನಿಂತರು. "ನಮ್ಮಜ್ಜ ಕಾರ್ಕಳ ಕಡೆಯವ. ತಲೆ ಮೇಲೆ ಹಂಡೆ, ಕಂಕುಳಲ್ಲಿ ನಮ್ಮಪ್ಪ. ಯಾರೂ ಕಾಗದ ಕೇಳಲಿಲ್ಲ. ಕೇಳಿದ್ರೆ ಇವತ್ತು ನನ್ನ ಭಾಷಣ ಕೇಳೋ ಕರ್ಮ ನಿಮಗೆ ತಪ್ಪುತಿತ್ತು" ಅಂದರು. ಸ್ವಲ್ಪ ನಗು ಬಂತು. ಮುಂದೆ ಕೂತಿದ್ದ ಸದಸ್ಯರೊಬ್ಬರು ಎದ್ದು, "ಘಟ್ಟ ಅಂದ್ರೆ ದೇಶದ ಒಳಗೇ ಅಲ್ವಾ ಸರ್. ಗಡಿ ದಾಟಿದ್ದು ಬೇರೆ" ಅಂದರು.

"ಬೇರೆಯೇ. ನಾನು ಒಂದೇ ಅಂದಿಲ್ಲ" ಅಂದರು ಇವರು. "ಆದ್ರೆ ಯಾರು ದಾಟಿದ್ರು, ಯಾರು ದಾಟಿಲ್ಲ ಅಂತ ನೋಡೋಕೆ ಒಂದು ಸರಿಯಾದ ಕ್ರಮ ಬೇಕಲ್ಲ ಮಾರಾಯ. ದಾಟಿದ್ದೇ ಹೌದು ಅಂತಾದ್ರೂ ಅವನನ್ನು ಮನುಷ್ಯರ ಹಾಗೆ ಕಳಿಸ್ಬೇಕಲ್ಲ."

ಆ ಸದಸ್ಯರು ತಲೆ ಆಡಿಸಿ ಕೂತರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಊಟಕ್ಕೆ ಎಲ್ಲರೂ ಎದ್ದರು.

ನಿರ್ಣಯ ಚರ್ಚೆಗೆ ಬರಲೇ ಇಲ್ಲ. ಶೂನ್ಯ ವೇಳೆಯಲ್ಲಿ ನಾಲ್ಕು ನಿಮಿಷ ಸಿಕ್ಕಿತು. ನಾನು ಅಂಗಡಿಯಲ್ಲಿ ಫೋನಿನಲ್ಲಿ ನೋಡಿದೆ. ಬರೆದುಕೊಂಡು ಹೋದದ್ದನ್ನು ಅವರು ತೆಗೆಯಲೇ ಇಲ್ಲ. "ಮಾನ್ಯ ಸಭಾಪತಿಗಳೇ, ನಾನೂ ಬಿನ್. ನನ್ನ ಪಹಣಿ ತೆಗೆದು ನೋಡಿ. ಈ ಸದನದಲ್ಲಿ ಜಮೀನಿದ್ದವರೆಲ್ಲ ಬಿನ್‌ಗಳೇ" ಅಂದರು. ಸದನ ನಕ್ಕಿತು. ಸಭಾಪತಿಗಳೂ ನಕ್ಕರು. ನಗು ನಿಲ್ಲುವವರೆಗೆ ಇವರು ಕಾದರು. ಆಮೇಲೆ, "ನಾನು ಒಬ್ಬ ಮನುಷ್ಯನ ಹೆಸರು ತಪ್ಪು ಬರೆದೆ. ಅವನ ಮಗಳು ಭಂಡಿಗಡಿ ಶಾಲೆಯಲ್ಲಿ ಎರಡನೇ ಕ್ಲಾಸು. ತಪ್ಪು ಬರೆದವನು ಇಲ್ಲಿ ನಿಂತು ಮಾತಾಡ್ತಾ ಇದಾನೆ, ಹೆಸರಿನವನು ಒಳಗಿದಾನೆ. ಒಂದು ಹೆಸರು ತಿದ್ದೋಕೆ ನಮ್ಮಲ್ಲಿ ಕಾನೂನಿಲ್ವಾ?" ಅಂದರು. ಸಭಾಪತಿಗಳು ಗಂಟೆ ಬಾರಿಸಿದರು. ಇನ್ನೊಬ್ಬರು ರಸ್ತೆ ಗುಂಡಿಯ ವಿಷಯ ಎತ್ತಿದರು. ಮಾರನೇ ದಿನ ಪೇಪರಿನಲ್ಲಿ ಒಂದು ಪುಟ್ಟ ಚೌಕದಲ್ಲಿ ಬಂತು, 'ನಾನೂ ಬಿನ್: ಸದನದಲ್ಲಿ ನಗೆ' ಅಂತ. ಹೆಸರು ತಪ್ಪಿದ ಸಂಗತಿ ಅದರಲ್ಲಿ ಇರಲಿಲ್ಲ.

ಮುಂದಿನ ಚುನಾವಣೆಯಲ್ಲಿ ಎದುರಾಳಿಗಳು ಹೆಚ್ಚೇನೂ ಮಾಡಬೇಕಾಗಲಿಲ್ಲ. ಅವರ ಹೆಸರಿನ ಹಿಂದೆ ಒಂದು ಬಿನ್ ಸೇರಿಸಿ ವಾಟ್ಸಪ್ಪಿನಲ್ಲಿ ಬಿಟ್ಟರು, ಸಾಕಾಯಿತು. ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದ ಎನ್.ಆರ್. ಪುರದ ಕಡೆಯೂ ವೋಟು ಬರಲಿಲ್ಲ. ಅಲ್ಲಿಯ ಎಷ್ಟೋ ಮನೆಯವರು ಕೇರಳದಿಂದ ಬಂದು ಕಾಡು ಕಡಿದು ನೆಲೆ ನಿಂತವರ ಮಕ್ಕಳು. "ಅವರಿಗಾದ್ರೂ ಅರ್ಥ ಆಗ್ಬೇಕಿತ್ತಲ್ಲ ಸರ್" ಅಂದೆ. "ಅವರಿಗೇ ಹೆಚ್ಚು ಹೆದ್ರಿಕೆ ಮಾರಾಯ್ತಿ" ಅಂದರು. "ಒಳಗೆ ಬಂದು ಜಾಸ್ತಿ ದಿನ ಆಗಿಲ್ಲದವರು ಬಾಗಿಲು ಬೇಗ ಹಾಕ್ತಾರೆ." ಅವರಿಗೆ ಅದರಲ್ಲಿ ಸಿಟ್ಟಿರಲಿಲ್ಲ. ನನಗಿತ್ತು.

ಮಾಜಿಯಾದ ಮೇಲೂ ತಿಂಗಳಿಗೊಂದು ಸೋಮವಾರ ಜಮೀಲಾಳನ್ನು ಕರೆದುಕೊಂಡು ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗುತ್ತಿದ್ದರು. ಮೊದಲು ನೇರ ಒಳಗೆ ಹೋಗುತ್ತಿದ್ದವರು, ಈಗ ಹೊರಗೆ ಬೆಂಚಿನ ಮೇಲೆ ಅವಳ ಪಕ್ಕ. ಹೋಗುವ ಮೊದಲು ಇಬ್ಬರೂ ನನ್ನ ಅಂಗಡಿಗೆ ಬಂದು ಹೊಸ ಅರ್ಜಿ ಮಾಡಿಸಿಕೊಳ್ಳುತ್ತಿದ್ದರು. ಅವರು ನಿಂತು ಹೇಳುವುದು, ನಾನು ಟೈಪಿಸುವುದು, ಜಮೀಲಾ ಬಾಗಿಲ ಹತ್ತಿರ ಸುಮ್ಮನೆ ನೋಡುವುದು. ಬಿನ್ ಎಂದರೆ ಇವರ ಮಗ ಎಂದರ್ಥ, ಈ ತಪ್ಪು ನನ್ನಿಂದ ಆಗಿದೆ. ಆ ಸಾಲು ಬಂದಾಗ ನಾನು ತಲೆ ಎತ್ತುತ್ತಿರಲಿಲ್ಲ. ಅವಳ ಎದುರಿಗೆ ಪ್ರತಿ ತಿಂಗಳೂ ಅವರು ಅದನ್ನು ಗಟ್ಟಿಯಾಗಿ ಓದಿ ತಮ್ಮ ತಲೆ ಮೇಲೆ ಹಾಕಿಕೊಳ್ಳುತ್ತಿದ್ದರು. ನಾನು ಹಾಕಿಕೊಳ್ಳಲು ಬಿಟ್ಟೆ. ಹೇಳಬೇಕು ಅಂತ ಎಷ್ಟೋ ಸಲ ನಾಲಿಗೆ ತುದಿಗೆ ಬಂತು, ಹೇಳಲಿಲ್ಲ. ನಾನು ಹೇಡಿ ಅಂತಲೇ ಇಟ್ಟುಕೊಳ್ಳಿ.

ಆ ದಿನಗಳಲ್ಲಿ ನಾನು ಗಮನಿಸಿದ್ದು, ಅವರು ಹೊಸಬರನ್ನು ಊರು ಎಲ್ಲಾಯ್ತು ಅಂತ ಕೇಳುವುದನ್ನು ಬಿಟ್ಟಿದ್ದರು. ಯಾಕೆ ಸರ್ ಅಂದೆ. "ಆ ಪ್ರಶ್ನೆ ಈಗ ಬೇರೆಯವರು ಕೇಳ್ತಾರೆ" ಅಂದರು. ಅಷ್ಟೇ. ಅವರ ಉಬ್ಬಸ ಜಾಸ್ತಿಯಾಗಿತ್ತು. ಕಾಮಾಗಳೂ ಜಾಸ್ತಿಯಾದವು. ಹೋದ ತಿಂಗಳು ಆಸ್ಪತ್ರೆಗೆ ಸೇರಿ ಐದನೇ ದಿನಕ್ಕೆ ಹೋದರು.

ಅವರ ವೈಕುಂಠ ಸಮಾರಾಧನೆ ಮುಗಿದ ವಾರದಲ್ಲಿ ಒಂದು ಸೋಮವಾರ ಬೆಳಿಗ್ಗೆ ಜಮೀಲಾ ಬಂದಳು, ಮೊದಲ ಸಲ ಅವರಿಲ್ಲದೆ. ಜೊತೆಗೆ ಮಗಳು, ಶಾಲೆ ಯೂನಿಫಾರ್ಮಿನಲ್ಲಿ. ಈಗ ಆರನೇ ಕ್ಲಾಸು. ಅವರಿಬ್ಬರು ಬಾಗಿಲಲ್ಲೇ ನಿಂತರು, ನಾನೂ ಎದ್ದು ನಿಂತೆ. ಯಾಕೆ ಎದ್ದೆನೋ ಗೊತ್ತಿಲ್ಲ. ಐದು ವರ್ಷ ನುಂಗಿಕೊಂಡದ್ದನ್ನು ಅವತ್ತು ಹೇಳಿದೆ. ಮುನ್ನುಡಿ ಗಿನ್ನುಡಿ ಇಲ್ಲದೆ ಹೇಳಿದೆ.

"ಜಮೀಲಾ, ಆ ಕಾಗದದಲ್ಲಿ ನಿನ್ನ ಗಂಡನ ಹೆಸರು ಕೆಡಿಸಿದ್ದು ಸಾಹೇಬರಲ್ಲ. ನಾನು. ಅವರು ಸರಿಯಾಗೇ ಬರ್ಕೊಂಡು ಬಂದಿದ್ರು."

ಅವಳು ನನ್ನನ್ನು ನೋಡಿದಳು. ಮುಖ ಹಾಗೇ ಇತ್ತು, ಸಿಟ್ಟಿಲ್ಲ, ಅಚ್ಚರಿಯಿಲ್ಲ.

"ಗೊತ್ತು ಅಕ್ಕ" ಅಂದಳು. "ಸಾಬ್ ಚೀಟಿ ಬರೆದಿದ್ದು ನಮ್ಮ ಮನೇಲಿ, ನಾನು ಪಕ್ಕದಲ್ಲೇ ಇದ್ದೆ. ಇವಳು ಅವಾಗ ಒಂದನೇ ಕ್ಲಾಸು, ಅಬ್ಬಾ ಹೆಸರು ಕನ್ನಡದಲ್ಲಿ ಹೆಂಗಿರ್ತದೆ ಅಂತ ಓದಿ ತೋರಿಸಿದ್ಳು. ಸರಿ ಇತ್ತು."

"ಮತ್ತೆ ಇಷ್ಟು ವರ್ಷ ಇಲ್ಲಿಗೇ ಯಾಕೆ ಬಂದೆ?"

ಅವಳಿಗೆ ಈ ಪ್ರಶ್ನೆಯೇ ಅರ್ಥವಾಗದ ಹಾಗೆ ಕಂಡಿತು. ಮಗಳ ಮುಖ ನೋಡಿದಳು, ಮತ್ತೆ ನನ್ನ ಕಡೆ ತಿರುಗಿದಳು.

"ಬೇರೆ ಅಂಗಡಿಗೆ ಹೋದ್ರೆ ಅವರೂ ತಪ್ಪು ಬರೀತಾರೆ ಅಕ್ಕ. ನೀವು ಒಂದ್ಸಲ ತಪ್ಪು ಬರೆದು ಆಗಿದೆ. ಈ ಊರಲ್ಲಿ ಅವರ ಹೆಸರು ಸರಿಯಾಗಿ ಬರಿಯೋಕೆ ಬರೋದು ಈಗ ನಿಮಗೊಬ್ಬರಿಗೇ."